ಮೇಲೆ ನೋಡಿದರೆ ಹೌದು

ಕಾರೆಹಟ್ಟಿ, ಮಧುಗಿರಿ ತಾಲ್ಲೂಕು
9 ನವೆಂಬರ್ 1986

ಜಗದಾಂಬೆಗೆ,

ಯಾವ ಗೌರಕ್ಕ ಅಂತ ತಲೆ ಕೆರೆದುಕೊಳ್ಳಬೇಡ. ಮಧುಗಿರಿ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದವಳು, ನಿನ್ನ ಲೆಕ್ಕ ನೋಡಿ ಬರೆದು ನಿನಗಿಂತ ಹೆಚ್ಚು ಅಂಕ ತೆಗೆದವಳು. ಎಂಟನೇ ಕ್ಲಾಸು ಅರ್ಧಕ್ಕೇ ಬಿಡಿಸಿ ನನ್ನನ್ನು ಈ ಹಟ್ಟಿಗೆ ಮದುವೆ ಮಾಡಿಕೊಟ್ಟಾಗ ನೀನು ಬಂದು ನೋಡುತ್ತೇನೆ ಅಂದಿದ್ದೆ. ಬರಲಿಲ್ಲ. ಒಂದೆರಡು ವರ್ಷ ದಾರಿ ನೋಡಿದೆ, ಆಮೇಲೆ ಮನಸ್ಸಿನಲ್ಲೇ ಬೈದೆ, ಆಮೇಲೆ ಅದೂ ಬೇಸರವಾಗಿ ಬಿಟ್ಟೆ. ಈಗ ಕೆಲಸ ಬಿದ್ದಿದೆ, ಬರೆಯುತ್ತಿದ್ದೇನೆ. ಕೆಲಸವಿದ್ದಾಗ ಮಾತ್ರ ನೆನಪಾಯಿತಾ ಅಂತ ಕೇಳಿದರೆ ಹೌದು ಅನ್ನುತ್ತೇನೆ.

ಮಾವನಿಗೆ ಮದ್ದಿನ ಸೊಪ್ಪು ತರಲು ಸಿದ್ದರಬೆಟ್ಟಕ್ಕೆ ಹೋಗಿದ್ದೆ. ಬರುವಾಗ ಕೊರಟಗೆರೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮಪ್ಪ ಗಂಗಾಧರಯ್ಯ ಮೇಷ್ಟ್ರು ಸಿಕ್ಕರು. ನನ್ನ ಗುರುತು ಹಿಡಿಯಲಿಲ್ಲ, ಆದರೆ ನಿನ್ನ ಹೆಸರೆತ್ತಿದ್ದೇ ತಡ, ಬಸ್ಸು ಬರುವವರೆಗೂ ಬಿಡಲಿಲ್ಲ. "ನನ್ ಮಗಳು ಬೆಂಗ್ಳೂರಲ್ಲಿ ಲ್ಯಾಬಲ್ಲವಳೆ ಕಣಮ್ಮ. ಕೈಕಾಲು ಬಿದ್ದೋದೋರು ಬರೀ ಕಣ್ಣಾಡ್ಸಿ ಕಂಪ್ಯೂಟರ್ ನಡ್ಸೋ ಅಂಗೆ ಒಂದು ಮಿಷಿನ್ ಮಾಡ್ತಾವ್ರಂತೆ" ಅಂದರು. ನಿಂತಲ್ಲೇ ನಿನ್ನ ವಿಳಾಸ ಬರೆಸಿಕೊಂಡೆ.

ನನ್ನ ಮಾವ ಬೋರಪ್ಪ ಈ ಹಟ್ಟಿಯ ಯಜಮಾನರು. ಅವರು ಕೆಮ್ಮಿದರೆ ನಾಯಿ ಕೂಡ ಸುಮ್ಮನಾಗುತ್ತಿತ್ತು. ಹೋದ ವರ್ಷ ಕುರಿರೊಪ್ಪದ ಬಾಗಿಲಲ್ಲಿ ಲಕ್ವ ಹೊಡೆದು ಬಿದ್ದವರು ಮತ್ತೆ ಏಳಲಿಲ್ಲ. ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಕಣ್ಣುಗುಡ್ಡೆ ಮಾತ್ರ ಮೇಲಕ್ಕೂ ಕೆಳಕ್ಕೂ ಒಂದೆಳ್ಳಿನಷ್ಟು ಆಡುತ್ತದೆ, ಅದೂ ಅರ್ಧ ಮುಚ್ಚಿದ ರೆಪ್ಪೆಯೊಳಗೆ. ಬುದ್ಧಿ ನೆಟ್ಟಗಿದೆ. ಆ ಕಣ್ಣನ್ನು ಓದಲು ಬರುವುದು ನನಗೊಬ್ಬಳಿಗೇ.

ಈಗ ವಿಷಯಕ್ಕೆ ಬರುತ್ತೇನೆ. ನನಗೊಬ್ಬಳೇ ಮಗಳು, ಜುಂಜಮ್ಮ, ಏಳನೇ ಕ್ಲಾಸು. ನನ್ನ ನಾದಿನಿ ಕರಿಯಕ್ಕನನ್ನು ಪಾವಗಡದ ಆಚೆ ತಿರುಮಣಿ ಕಡೆ ಕೊಟ್ಟಿದೆ. ಅವಳ ಮಗನಿಗೆ ಜುಂಜಿಯನ್ನು ಈ ಬೇಸಿಗೆಯಲ್ಲೇ ತಂದುಕೊಳ್ಳಬೇಕೆಂದು ಪಟ್ಟು ಹಿಡಿದಿದ್ದಾಳೆ. ಅಣ್ಣನ ಮಗಳ ಮೇಲೆ ತಂಗಿಗೆ ಮೊದಲ ಹಕ್ಕು, ನಮ್ಮಲ್ಲಿ ಅದು ಇರುವುದೇ. ನನ್ನ ಗಂಡ ಗಂಗಣ್ಣ "ಅಪ್ಪ ಹೆಂಗಂತಾನೋ ಅಂಗೆ" ಅಂದು ಕುರಿ ಹೊಡೆದುಕೊಂಡು ಸಿರಾ ಕಡೆ ಹೋದರು. ಸರಿ, ಮಾವನನ್ನು ಕೇಳಿದೆ. ಬೇಡ ಅಂದರು. ಮತ್ತೆ ಕೇಳಿದೆ. ಬೇಡ ಅಂದರು. ಕರಿಯಕ್ಕ ಬಂದು ಹಟ್ಟಿಯವರನ್ನೆಲ್ಲ ಸೇರಿಸಿ ಏನಂದಳು ಗೊತ್ತಾ? "ಅಪ್ಪನ ಕಣ್ಣಾಗೆ ಇವ್ಳು ತನ್ ಮಾತು ಇಕ್ಕಿ ಹೇಳ್ತಾವ್ಳೆ. ಇವ್ಳು ಓದಿದ್ದೇ ಓದು, ನಾವು ನಂಬ್ಬೇಕಾ?"

ನಿಜ ಹೇಳಬೇಕೆಂದರೆ ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಅದಕ್ಕೇ ನಿನ್ನ ಯಂತ್ರ ಬೇಕು. ಅದಕ್ಕೆ ಮಗಳೂ ಇಲ್ಲ, ನಾದಿನಿಯೂ ಇಲ್ಲ. ಅದು ಹೇಳಿದರೆ ಎಲ್ಲರೂ ಒಪ್ಪುತ್ತೇವೆ ಅಂದಿದ್ದಾರೆ. ತರಲು ಆಗುತ್ತದೋ ಇಲ್ಲವೋ, ಒಂದು ಕಾರ್ಡು ಹಾಕು.

ಇಂತಿ,
ಗೌರಕ್ಕ

*

ಬೆಂಗಳೂರು
27 ನವೆಂಬರ್ 1986

ಪ್ರೀತಿಯ ಗೌರಿ,

ನಿನ್ನ ಬೈಗುಳ ಕೈಸೇರಿತು. ಎರಡು ಸಲ ಓದಿದೆ. ಬರದಿದ್ದುದಕ್ಕೆ ನೆಪ ಹೇಳುವುದಿಲ್ಲ, ಹೇಳಿದರೂ ನೀನು ಕೇಳುವವಳಲ್ಲ.

ನಮ್ಮಪ್ಪ ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ತಂದೆಯ ಹೆಮ್ಮೆ. ಯಂತ್ರ ಮಾಡುತ್ತಿರುವುದು ನಮ್ಮ ಸರ್, ನಾನು ಅವರ ಸಹಾಯಕಿ. ರೋಗಿಯ ಕಣ್ಣಿನ ಮೇಲೊಂದು, ಕೆಳಗೊಂದು ಪುಟ್ಟ ಲೋಹದ ಬಿಲ್ಲೆ ಅಂಟಿಸುತ್ತೇವೆ. ಗುಡ್ಡೆ ಆಡಿದಾಗ ಚರ್ಮದ ಮೇಲೆ ಹುಟ್ಟುವ ಚೂರುಪಾರು ವಿದ್ಯುತ್ತನ್ನು ಕಂಪ್ಯೂಟರ್ ಹಿಡಿದು ಪರದೆಯ ಮೇಲೆ ತೋರಿಸುತ್ತದೆ. ಬರಿಗಣ್ಣಿಗೆ ಕಾಣದ ಚಲನೆಯೂ ಅದಕ್ಕೆ ಸಿಗುತ್ತದೆ. ಓದುಬರಹ ಬಲ್ಲವರಾದರೆ ಕಣ್ಣಿನಿಂದಲೇ ಅಕ್ಷರ ಆರಿಸಬಹುದು. ಮೊನ್ನೆ ಒಬ್ಬ ಪೋಸ್ಟ್‌ಮಾಸ್ಟರ್ ಬಹಳ ಹೊತ್ತು ಹೆಣಗಿ ಹೆಂಡತಿಯ ಹೆಸರು ಬರೆದರು. ಆಕೆ ಅಳುತ್ತಾರೆ ಅಂತ ನಾವೆಲ್ಲ ಕಾದರೆ, "ಒತ್ತಕ್ಷರ ಬಿಟ್ಟಿದ್ದಾರೆ, ಮೊದಲಿಂದ ಹೀಗೇ" ಅಂದು ನಕ್ಕರು.

ಹಳ್ಳಿಯಲ್ಲಿ ಇದನ್ನು ಪರೀಕ್ಷಿಸಿ ನೋಡುವ ಆಸೆ ಸರ್‌ಗೆ ಇದ್ದೇ ಇದೆ, ಒಪ್ಪಿಸುತ್ತೇನೆ. ನಿಮ್ಮ ಮಾವ ಓದಬಲ್ಲರಾ? ಹೌದು, ಇಲ್ಲ ಅಂತ ಈಗ ಹೇಗೆ ತಿಳಿಸುತ್ತಾರೆ? ವಿವರವಾಗಿ ಬರೆ.

ಇನ್ನೊಂದು ಮಾತು. ಯಂತ್ರ ನಿನಗೆ ಬೇಕಾದದ್ದನ್ನೇ ಹೇಳುತ್ತದೆ ಅಂತ ನಾನು ಮಾತು ಕೊಡಲಾರೆ. ಅದು ನಿನ್ನ ವಿರುದ್ಧ ಹೇಳಿದರೆ?

ನಿನ್ನ,
ಜಗದಾಂಬ

*

ಕಾರೆಹಟ್ಟಿ
18 ಡಿಸೆಂಬರ್ 1986

ಜಗದಾ,

ನನ್ನ ವಿರುದ್ಧ ಹೇಳುವುದಿಲ್ಲ. ಅವರ ಕಣ್ಣು ನನಗೆ ಗೊತ್ತು.

ಅದು ಗೊತ್ತಾದ ಬಗೆ ಕೇಳು. ನಮ್ಮಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ಮುಖವೆತ್ತಿ ನೋಡುವುದಿಲ್ಲ. ಮದುವೆಯಾಗಿ ಬಂದಂದಿನಿಂದ ಅವರ ಮುಖಕ್ಕಿಂತ ಅವರ ಕೆರವನ್ನೇ ನಾನು ಹೆಚ್ಚು ನೋಡಿದ್ದು. ಅತ್ತೆ ತೀರಿಹೋಗಿ ಬಹಳ ದಿನವಾಯಿತು, ಮಾವ ಬಿದ್ದಮೇಲೆ ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಮುಖ ತಿರುಗಿಸಿಕೊಂಡು ಕುಡಿಸಿದರೆ ಗಂಜಿಯೆಲ್ಲ ಕುತ್ತಿಗೆಗೆ ಇಳಿಯಿತು. ನೋಡದೆ ವಿಧಿಯಿಲ್ಲ ಅಂತ ಒಂದು ದಿನ ನೋಡಿಯೇ ಬಿಟ್ಟೆ. ನಾಚಿಕೆಗೆ ಅವರೇ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಹೇಳಿದರೆ ನಗುತ್ತೀಯ, ಇಬ್ಬರೂ ಕಣ್ಣು ಮುಚ್ಚಿಕೊಂಡು ಗಂಜಿ ಊಟ.

ಆಮೇಲೆ ಒಂದು ದಿನ ಬೋಸಿ ಹಿಡಿದು ಹೋದಾಗ ಅವರು ನನ್ನನ್ನೇ ನೋಡುತ್ತಿದ್ದರು. ಕುಡಿಸಹೋದೆ, ಗುಡ್ಡೆ ಮೇಲಕ್ಕೆ ಸರಿಯಿತು. ಬೇಡ ಅಂತ. ಯಾಕೆ ಅಂದರೆ, ಉಪ್ಪು ಹಾಕಿರಲಿಲ್ಲ. ನಾವೆಲ್ಲ ಇಲ್ಲ ಅನ್ನುವುದು ಹೇಗೆ ಹೇಳು? ತಲೆ ಮೇಲೆತ್ತಿ ಲೊಚಗುಟ್ಟುತ್ತೇವೆ. ಅವರ ತಲೆ ಏಳುವುದಿಲ್ಲ, ನಾಲಿಗೆ ಲೊಚಗುಟ್ಟುವುದಿಲ್ಲ, ಕಣ್ಣೊಂದೇ ಮೇಲೇಳುತ್ತದೆ. ಹೂಂ ಅನ್ನಬೇಕಾದರೆ ರೆಪ್ಪೆ ಇಳಿಸುತ್ತಾರೆ. ಬೇರೆಯವರು ಬಂದು ನೋಡಿದರೆ ಸುಮ್ಮನೆ ಅದುರಿದ ಹಾಗಿರುತ್ತದೆ ಅಷ್ಟೆ. ನನಗೆ ಚೆನ್ನಾಗಿ ತಿಳಿಯುತ್ತದೆ. ಅವರಿಗೆ ಓದುಬರಹ ಇಲ್ಲ. ಹೌದು, ಇಲ್ಲ, ಇವೆರಡರಲ್ಲೇ ನಮ್ಮ ಸಂಸಾರ ನಡೆದಿದೆ. ಯಾವ ಟಗರು ಮಾರಬೇಕು, ಯಾರ ಜಗಳ ಹೇಗೆ ಮುಗಿಸಬೇಕು ಎಲ್ಲ ಹಾಗೇ ಹೇಳಿದರು, ಎಲ್ಲರೂ ಒಪ್ಪಿದರು. ಮದುವೆ ಮಾತು ಬಂದಾಗ ಮಾತ್ರ ನಾನು ಸುಳ್ಳಿಯಾದೆ.

ಜುಂಜಿ ಓದಿನಲ್ಲಿ ನನ್ನ ಹಾಗಲ್ಲ, ಯಾರನ್ನೂ ನೋಡಿ ಬರೆಯುವುದಿಲ್ಲ. ಬೇಗ ಬಾ.

ಗೌರಿ

*

ಬೆಂಗಳೂರು
12 ಜನವರಿ 1987

ಪ್ರೀತಿಯ ಗೌರಿ,

ಸರ್ ಒಪ್ಪಿದರು. ಫೆಬ್ರವರಿ ಕೊನೆಯ ವಾರ ಜೀಪಿನಲ್ಲಿ ಬರುತ್ತೇವೆ. ಕರೆಂಟಿನ ಚಿಂತೆ ಬೇಡ, ಬ್ಯಾಟರಿ ತರುತ್ತೇವೆ.

ಒಂದು ತೊಡಕಿದೆ. ನಮ್ಮ ಯಂತ್ರದಲ್ಲಿ ಕಣ್ಣು ಮೇಲೆ ಹೋದರೆ 'ಹೌದು', ಕೆಳಗೆ ಹೋದರೆ 'ಇಲ್ಲ'. ಕೆಳಗೆ ನೋಡುವಾಗ ರೆಪ್ಪೆಯೂ ಇಳಿಯುವುದರಿಂದ ಗುರುತು ಮಸುಕಾಗುತ್ತದೆ, ಮೇಲಿನದು ಸ್ಪಷ್ಟ. ಮುಖ್ಯವಾದ ಉತ್ತರ ಸ್ಪಷ್ಟವಾಗಿರಲಿ ಅಂತ ಸರ್ ಹೀಗೆ ಇಟ್ಟಿದ್ದಾರೆ. ನಿಮ್ಮ ಮಾವನದು ತಿರುಗುಮುರುಗು, ಬದಲಿಸೋಣವೇ ಅಂತ ಕೇಳಿದೆ. ಇದುವರೆಗಿನ ರೋಗಿಗಳೆಲ್ಲ ಹೀಗೇ ಕಲಿತಿದ್ದಾರೆ, ಒಬ್ಬರಿಗಾಗಿ ಬದಲಿಸಿದರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ, ಅಭ್ಯಾಸ ಮಾಡಿಸಿದರೆ ಯಾರಾದರೂ ಕಲಿಯುತ್ತಾರೆ ಅಂದರು. ಅವರು ಬರುತ್ತೇನೆ ಅಂದದ್ದೇ ದೊಡ್ಡದು, ನಾನು ಹೆಚ್ಚು ವಾದಿಸಲಿಲ್ಲ.

ಆದ್ದರಿಂದ ಇವತ್ತಿನಿಂದಲೇ ಕಲಿಸು. ಮೇಲೆ ನೋಡಿದರೆ ಹೌದು. ನೀರು, ಗಂಜಿ, ಹೊದಿಕೆ, ಎಲ್ಲಕ್ಕೂ ಅದೇ ಆಗಲಿ.

ನಿನ್ನ,
ಜಗದಾಂಬ

*

ಕಾರೆಹಟ್ಟಿ
5 ಫೆಬ್ರವರಿ 1987

ಜಗದಾ,

ಮುದಿ ಎತ್ತಿಗೆ ಹೊಸ ನೊಗ ಕಟ್ಟಿದ ಹಾಗಾಗಿದೆ. ಮೊದಲ ದಿನಗಳಲ್ಲಿ ಅವರು ಬೇಡ ಅಂದದ್ದನ್ನೆಲ್ಲ ಕುಡಿಸಿದೆ, ಬೇಕು ಅಂದದ್ದನ್ನೆಲ್ಲ ವಾಪಸು ತಂದೆ. ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಎರಡು ಕಂಬಳಿ ಹೊದಿಸಿಬಿಟ್ಟಿದ್ದೆ. ಮಾವಯ್ಯ ನನ್ನನ್ನು ನೋಡಿದ ನೋಟ ಇದೆಯಲ್ಲ, ಬಾಯಿ ಇದ್ದಿದ್ದರೆ ನನ್ನ ತವರಿನವರನ್ನೂ ಬಿಡುತ್ತಿರಲಿಲ್ಲ. ಜುಂಜಿಗೆ ಇದೇ ಒಂದು ಆಟ. ರೊಟ್ಟಿ ಬೇಕಾ ಅಂದರೆ ಸೂರು ನೋಡುತ್ತಾಳೆ.

ಈಗ ಕಲಿತಿದ್ದಾರೆ. ನಾನು ಕೇಳುವ ಮೊದಲು "ಹೌದಾದ್ರೆ ಮೇಲ್ ನೋಡ್ಬೇಕು ಮಾವಯ್ಯ" ಅಂತ ಒಂದು ಸಲ ಹೇಳುತ್ತೇನೆ. ಆಮೇಲೆ ತಪ್ಪುವುದಿಲ್ಲ. ಯಾಕೆ ಇದೆಲ್ಲ ಅಂತಲೂ ಹೇಳಿದ್ದೇನೆ, ಜುಂಜಿಯ ವಿಷಯ ಎಲ್ಲರ ಮುಂದೆ ಕೇಳುತ್ತಾರೆ ಅಂತ.

ಹಟ್ಟಿಯಲ್ಲಿ ನಿನ್ನ ಯಂತ್ರದ್ದೇ ಮಾತು. ಕರಿಯಕ್ಕ ನೀವು ಬರುವ ಮುಂಚಿನ ಶುಕ್ರವಾರವೇ ಬರುತ್ತಾಳಂತೆ. ನೀನು ತಪ್ಪಿಸಬೇಡ.

ಗೌರಿ

*

ಬೆಂಗಳೂರು
28 ಫೆಬ್ರವರಿ 1987

ಗೌರಿ,

ಜೀಪು ಹೊರಡುವಾಗ ತಿರುಗಿ ನೋಡಿದೆ. ಎಲ್ಲರೂ ಕೈಬೀಸುತ್ತಿದ್ದರು, ನೀನು ಕಾಣಲಿಲ್ಲ. ಅಷ್ಟು ವರ್ಷದ ಮೇಲೆ ಸಿಕ್ಕವಳೊಡನೆ ಎರಡು ಮಾತಾಡದೆ ಬಂದೆ.

ಆವತ್ತು ನಡೆದದ್ದನ್ನೇ ದಿನವೂ ಯೋಚಿಸುತ್ತಿದ್ದೇನೆ. ಮೊದಲು ಸರ್ ಕೇಳಿದ ಪ್ರಶ್ನೆಗಳಿಗೆಲ್ಲ ನಿಮ್ಮ ಮಾವ ಸರಿಯಾಗಿ ಉತ್ತರಿಸಿದರು. ನಿಮ್ಮ ಹೆಸರು ಬೋರಪ್ಪನೇ? ಹೌದು. ನೀವು ಹುಟ್ಟಿದ್ದು ಪಾವಗಡದಲ್ಲೇ? ಇಲ್ಲ. ಒಂದೂ ತಪ್ಪಲಿಲ್ಲ. ಆಮೇಲೆ ಕರಿಯಕ್ಕ ಎದ್ದು ಬಂದು ಮದುವೆಯ ಮಾತು ಕೇಳಿದರು. ಪರದೆಯ ಮೇಲೆ 'ಹೌದು' ಬಂತು, ಸ್ಪಷ್ಟವಾಗಿ ಬಂತು. ನೀನು ತಪ್ಪು, ತಪ್ಪು ಅಂತ ಕೂಗಿದೆ.

ನನಗೆ ಗೊತ್ತಿಲ್ಲ ಗೌರಿ. ಕಣ್ಣು ಮೇಲೆ ಹೋದದ್ದನ್ನು ಯಂತ್ರ ಕಂಡಿತು. ಯಾವ ಅಭ್ಯಾಸದಲ್ಲಿ ಹೋಯಿತು, ಹಳೆಯದರಲ್ಲೋ ಹೊಸದರಲ್ಲೋ, ಅದು ಯಂತ್ರಕ್ಕೆ ತಿಳಿಯುವುದಿಲ್ಲ. ಅದಕ್ಕೆ ಮುಂಚಿನ ಉತ್ತರಗಳೆಲ್ಲ ಸರಿಯಿದ್ದುದರಿಂದ ಇದೂ ಸರಿ ಅಂತ ಸರ್ ಅನ್ನುತ್ತಾರೆ. ಪರೀಕ್ಷೆ ಯಶಸ್ವಿ ಅಂತ ವರದಿ ಬರೆದರು. ಸಹಾಯಕಿಯಾಗಿ ನಾನು ಸಹಿ ಹಾಕಿದೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ.

ನೀನೇ ಒಮ್ಮೆ ನಿಮ್ಮ ಹಳೆಯ ರೀತಿಯಲ್ಲಿ ಅವರನ್ನು ಕೇಳಿನೋಡು. ಏನೆಂದರು ಅಂತ ನನಗೆ ಬರೆ.

ಜಗದಾಂಬ

*

ಕಾರೆಹಟ್ಟಿ
11 ಮಾರ್ಚ್ 1987

ಜಗದಾಂಬ ಅವರಿಗೆ,

ಸಹಿ ಹಾಕಿದೆಯಾ? ಒಳ್ಳೆಯದು. ನಿನ್ನ ಅಕ್ಷರ ಮೊದಲಿಂದಲೂ ದುಂಡಗೆ.

ನೀನು ಪರದೆ ನೋಡುತ್ತಿದ್ದೆ, ನಾನು ಅವರನ್ನು ನೋಡುತ್ತಿದ್ದೆ. ನಿನ್ನ ಸರ್ ಕೇಳಿದಷ್ಟು ಹೊತ್ತು ಮಾವಯ್ಯ ಮಿಷಿನ್‌ಗೆ ಉತ್ತರ ಹೇಳಿದರು. ಯಾರೋ ಬೆಂಗಳೂರಿನವರು, ಯಾವುದೋ ಪೆಟ್ಟಿಗೆ, ಕಲಿಸಿದ ಪಾಠ ಒಪ್ಪಿಸಿದರು. ಕರಿಯಕ್ಕ ಬಂದು ಅವರ ಕೆನ್ನೆ ಹಿಡಿದು "ಅಪ್ಪಯ್ಯ, ನನ್ ಮಗೀಗೆ ನಿನ್ ಮೊಮ್ಮಗ್ಳುನ್ನ ಈ ಬ್ಯಾಸ್ಗೆಗೆ ಕೊಡ್ಸ್ತೀಯೇನಪ್ಪಯ್ಯ" ಅಂದಳು. ಆಗ ಅವರಿಗೆ ಮಿಷಿನ್ ಎಲ್ಲಿ ನೆನಪಿರುತ್ತದೆ? ಮಗಳು ಕೇಳಿದಳು, ಅಪ್ಪ ಹೇಳಿದ. ಹುಟ್ಟಿದಾಗಿನಿಂದ ಅವಳಿಗೆ ಹೇಗೆ ಇಲ್ಲ ಅನ್ನುತ್ತಿದ್ದರೋ ಹಾಗೇ ಇಲ್ಲ ಅಂದರು. ನಿನ್ನ ಪೆಟ್ಟಿಗೆ ಹೌದು ಅಂತ ಬರೆಯಿತು.

ನಾನು ಕೂಗಿದ್ದಕ್ಕೆ ಯಾರಾದರೂ ಕಿವಿಗೊಟ್ಟರಾ? ಇನ್ನೊಂದು ಸಲ ಕೇಳಿ ಅಂತ ಕಾಲು ಹಿಡಿದೆ. ಹಿರಿಯರಾದ ಅಡವಯ್ಯ ಏನಂದರು, ನಿನಗೂ ಕೇಳಿಸಿತು. "ದ್ಯಾವ್ರು ಬಲಕ್ಕೆ ಹೂ ಕೊಟ್ಮ್ಯಾಕೆ ಇನ್ನೊಂದ್ಸಲ ಕೊಡು ಅಂತ ಕೇಳ್ತೀವೇನಮ್ಮ? ನೀನೇ ತರ್ಸಿದ್ ಮಿಷಿನ್ನು, ನೀನೇ ಬ್ಯಾಡ ಅಂದ್ರೆ ಹೆಂಗೆ?" ಅವರನ್ನು ಬೈದು ಫಲವಿಲ್ಲ. ಬೆಳಿಗ್ಗೆ ನಿಮ್ಮ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದಾಗ ನೀವಿಬ್ಬರೂ ನಕ್ಕಿರಿ. ಅವರು ನಗಲಿಲ್ಲ. ಹೂ ಕೇಳುವ ಹಾಗೆಯೇ ಕೇಳಿದರು. ಬಲಕ್ಕೆ ಬಿದ್ದ ಹೂವನ್ನು ನಮ್ಮಲ್ಲಿ ಯಾರೂ ಎತ್ತಿ ಎಡಕ್ಕೆ ಹಾಕುವುದಿಲ್ಲ.

ನೀನೇ ಕೇಳಿನೋಡು ಅಂತ ಬರೆದಿದ್ದೀಯ. ಕೇಳಿದೆ. ಅವರು ಆವತ್ತು ಮುಚ್ಚಿದ ಕಣ್ಣು ಇವತ್ತಿಗೂ ಬಿಟ್ಟಿಲ್ಲ. ನಿದ್ದೆಯಲ್ಲ, ಎಚ್ಚರವೇ. ಗಂಜಿ ಬೇಕಾ ಅಂದರೂ ಬಿಡುವುದಿಲ್ಲ, ಬೇಡವಾ ಅಂದರೂ ಬಿಡುವುದಿಲ್ಲ. ತುಟಿಗೆ ಇಟ್ಟರೆ ನುಂಗುತ್ತಾರೆ. ಯಜಮಾನನಾಗಿದ್ದ ಮನುಷ್ಯನ ಮುಖಕ್ಕೆ ವೈರು ಅಂಟಿಸಿ ಹಟ್ಟಿಯ ನಡುವೆ ಕೂರಿಸಿದೆವು, ಅವರ ಮಾತನ್ನು ಅವರ ಮೇಲೆಯೇ ತಿರುಗಿಸಿದೆವು. ನಾನಾಗಿದ್ದರೂ ಕಣ್ಣು ಬಿಡುತ್ತಿರಲಿಲ್ಲ.

ನನಗೆ ನಿನ್ನ ಮೇಲೆ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು. ಇನ್ನು ಬರೆಯಬೇಡ.

ಗೌರಕ್ಕ

*

ತಿರುಮಣಿ, ಪಾವಗಡ ತಾಲ್ಲೂಕು
4 ಏಪ್ರಿಲ್ 1987

ಕಾರೆಹಟ್ಟಿ ಗೌರಕ್ಕನಿಗೆ ನಿನ್ನ ನಾದಿನಿ ಕರಿಯಕ್ಕ ಹೇಳಿ ಬರೆಸುವುದು. ಇಲ್ಲಿನ ಸ್ಕೂಲ್ ಮೇಷ್ಟ್ರು ನಾನು ಅಂದಂತೆಯೇ ಬರೆಯುತ್ತಿದ್ದಾರೆ.

ಏಮಿ ವದಿನಾ, ಬಾಗುನ್ನಾವಾ? ಚೆಂದಾಗಿದ್ದೀಯಾ ಅತ್ಗೆ? ಅಡವಯ್ಯ ದಿನ ನೋಡ್ಸಿ ಹೇಳವ್ನೆ. ಬಸವಜಯಂತಿ ಕಳುದ್ ಮ್ಯಾಲೆ ಬಂದು ವೀಳ್ಯ ಹಿಡೀತೀವಿ. ನಿನ್ ಗಂಡುಂಗೂ ಸಿರಾ ಸಂತೇಲಿ ಹೇಳ್ಕಳ್ಸಿವ್ನಿ, ಹೂಂ ಅಂದವ್ನೆ.

ನೀನು ನನ್ನ ರಾಕ್ಷಸಿ ಅಂದ್ಕಂಡಿದ್ದೀಯ, ಅನ್ಕಾ ಬುಡು. ನಾನು ಈ ತೆಲುಗಿನ್ ಊರ್ಗೆ ಬಂದಾಗ ಒಬ್ರ ಮಾತೂ ನಂಗೆ ಅರ್ಥ ಆಯ್ತಿರ್ಲಿಲ್ಲ. ನೀಳ್ಳು ಅಂದ್ರೆ ನೀರು ಅಂತ ಗೊತ್ತಾಗ್ದೆ ಅತ್ತೆ ಕೈಲಿ ಹೊಡ್ತ ತಿಂದೋಳು ನಾನು. ಇಷ್ಟು ವರ್ಷ ಆದ್ರೂ ಮನ್ಯಾಗೆ ನಮ್ಮ ಮಾತು ಆಡೋರಿಲ್ಲ. ನನ್ ಅಣ್ಣನ್ ಮಗ್ಳು ಬಂದ್ರೆ ಒಂದು ಜೀವ ನನ್ ಜೊತೆ ಮಾತಾಡ್ತದೆ. ಅಷ್ಟೇ ನನ್ನಾಸೆ. ಮಗೀನ ನಾನು ಹೊಡೆಯಾಕಿಲ್ಲ.

ಅಪ್ಪಯ್ಯ ಕಣ್ಬುಟ್ನಾ? ಬುಟ್ರೆ ಕರಿ ಕೇಳಿದ್ಲು ಅಂತ ಹೇಳು.

ಕರಿಯಕ್ಕನ ಹೆಬ್ಬೆಟ್ಟು

*

ಬೆಂಗಳೂರು
20 ಏಪ್ರಿಲ್ 1987

ಗೌರಿ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ವರದಿಯಲ್ಲಿ ಒಂದು ಸಾಲು ಸೇರಿಸಿ, ಆ ಉತ್ತರದ ಬಗ್ಗೆ ಅನುಮಾನವಿದೆ ಅಂತ ಬರೆಯಿರಿ ಅಂದೆ. ಸರ್ ಒಪ್ಪಲಿಲ್ಲ. ನಾನು ನನ್ನ ಸಹಿ ಹೊಡೆದುಹಾಕಿದೆ. ಇನ್ನು ಅವರ ಕೋಣೆಯಲ್ಲಿ ನನಗೆ ಕೆಲಸವಿಲ್ಲ, ಸ್ಟೋರ್‌ಗೆ ಹಾಕಿದ್ದಾರೆ. ಇದನ್ನು ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ. ಸಹಿ ಹೊಡೆದುಹಾಕಿದರೆ ಮದುವೆ ನಿಲ್ಲುವುದಿಲ್ಲ ಅಂತ ನನಗೂ ಗೊತ್ತು.

ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡಬಾರದು ಅಂತ ಕಾನೂನಿದೆ. ಹೇಳು, ಮಧುಗಿರಿ ತಹಸೀಲ್ದಾರರಿಗೆ ನಾನೇ ಬರೆಯುತ್ತೇನೆ. ಜುಂಜಮ್ಮನನ್ನು ಕೊರಟಗೆರೆಯಲ್ಲಿ ನಮ್ಮಪ್ಪನ ಮನೆಯಲ್ಲಿ ಇಟ್ಟು ಓದಿಸಬಹುದು, ಅಪ್ಪ ಹೂಂ ಅಂದಿದ್ದಾರೆ. ನೀನು ಒಂದು ಮಾತು ಹೇಳಿದರೆ ಸಾಕು.

ಜಗದಾಂಬ

*

ಕಾರೆಹಟ್ಟಿ
19 ಮೇ 1987

ಜಗದಾ,

ನಿನ್ನ ಪತ್ರ ಬಂದಾಗ ಮಡಿಸಿ ಸೂರಿಗೆ ಸಿಕ್ಕಿಸಿದೆ. ಉತ್ತರ ಬರೆಯುವ ಮುಖ ನನಗಿರಲಿಲ್ಲ. ತಹಸೀಲ್ದಾರ್ ಬಂದರೆ ಊಟ ಮಾಡಿಕೊಂಡು ಹೋಗುತ್ತಾರೆ, ಆಮೇಲೆ ನಾವು ಇಲ್ಲೇ ಬಾಳಬೇಕು, ಅದು ಬೇಡ ಅನ್ನಿಸಿತು. ಬೇರೆ ಏನು ಮಾಡಬೇಕು ಅಂತಲೂ ಹೊಳೆಯಲಿಲ್ಲ. ಮಾವಯ್ಯ ಒಂದು ಸಲ ಕಣ್ಣು ಬಿಟ್ಟರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತ ಅವರ ಮುಂದೆ ಕೂತೇ ದಿನ ಕಳೆದೆ. ಬೇಡಿಕೊಂಡೆ, ಬೈದೆ, ಒಂದು ದಿನ ಬೆರಳಿನಿಂದ ರೆಪ್ಪೆ ಬಿಡಿಸಲು ಹೋದೆ. ಅಷ್ಟು ಕೆಟ್ಟವಳಾಗಿದ್ದೆ.

ಅದನ್ನು ಜುಂಜಿ ಬಾಗಿಲಲ್ಲಿ ನಿಂತು ನೋಡಿದಳು. ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ತಾತುನ್ ಬುಡಮ್ಮ" ಅಂದಳು. ಆಮೇಲೆ ಇದನ್ನು ಕೇಳಿದಳು: "ತಾತುನ್ ಕೇಳಾಕೆ ಬೆಂಗ್ಳೂರಿಂದ ಮಿಷಿನ್ ತರ್ಸ್‌ದೆ. ನನ್ ಕೇಳಾಕೆ ಏನ್ ತರ್ಸ್‌ಬೇಕಾಗಿತ್ತಮ್ಮ?"

ಅವಳನ್ನು ನಾನು ಕೇಳಿಯೇ ಇರಲಿಲ್ಲ. ಅವಳಿಗೆ ಬೇಡ ಅಂತ ಗೊತ್ತಿತ್ತು, ಗೊತ್ತಿದ್ದುದನ್ನು ಏನು ಕೇಳುವುದು ಅಂತ ಬಿಟ್ಟಿದ್ದೆ. ಅಪ್ಪನ ಮನಸ್ಸು ತನಗೆ ಗೊತ್ತೇ ಇದೆ ಅಂತ ಕರಿಯಕ್ಕನೂ ಹಾಗೇ ಅಂದುಕೊಂಡಿರಬೇಕು. ಆವತ್ತು ಕೇಳಿದೆ. "ಮದ್ವೆ ಬ್ಯಾಡ. ನಾನು ಓದ್ತೀನಿ" ಅಂದಳು. ಅದಕ್ಕೆ ಬ್ಯಾಟರಿ ಬೇಕಾಗಲಿಲ್ಲ.

ವೀಳ್ಯಕ್ಕೆ ಅವರೆಲ್ಲ ಬಂದದ್ದು ಹೋದ ವಾರ. ಗಂಡಸರು ಜಗಲಿಯಲ್ಲಿ ಕಂಬಳಿ ಹಾಸಿ ಕೂತರು. ನಾವು ಹೆಂಗಸರು ಬಾಗಿಲ ಒಳಗೆ, ಮಾವಯ್ಯನ ಮಂಚ ನನ್ನ ಹಿಂದೆ. ಅಡವಯ್ಯ ತಟ್ಟೆ ಎತ್ತಿ "ಬೋರಪ್ಪನ ಮನ್ಯೋರು ಹೆಣ್ಣು ಕೊಡ್ತೀರಾ?" ಅಂದರು. ಮೂರು ಸಲ ಕೇಳುವುದು ರೂಢಿ, ಮೂರನೆಯದಕ್ಕೆ ಮನೆಯ ಗಂಡಸು ಕೊಟ್ಟೆ ಅನ್ನಬೇಕು. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು. ಎರಡನೆಯ ಸಲ ಕೇಳಿದರು. ನಾನು ಹೊಸ್ತಿಲು ದಾಟಿ ಜಗಲಿಗೆ ಬಂದೆ. ಹೆಂಗಸರು ಅಲ್ಲಿಗೆ ಬರುವುದಿಲ್ಲ.

"ಕೊಡಾಕಿಲ್ಲ" ಅಂದೆ.

ಅಡವಯ್ಯ ತಟ್ಟೆ ಕೆಳಗಿಟ್ಟು, "ಏನಮ್ಮ, ಯಜಮಾನ ಕಣ್ಬುಟ್ನಾ? ಅವ್ನು ಹೇಳ್ದ ಅಂತೀಯಾ?" ಅಂತ ಕೇಳಿದರು. ಹೂಂ ಅಂದುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ ನಿನಗೆ. ನಾಲಿಗೆಯ ತುದಿಗೆ ಬಂದಿತ್ತು.

"ಮಾವಯ್ಯ ಏನೂ ಹೇಳಿಲ್ಲ. ಅವ್ರುನ್ ಇನ್ ಯಾರೂ ಕೇಳ್ಬ್ಯಾಡಿ. ಹೆತ್ತೋಳು ನಾನು, ನಾನ್ ಹೇಳ್ತಾ ಇವ್ನಿ. ನನ್ ಮಗೀನ ಕೊಡಾಕಿಲ್ಲ."

"ಗಂಗಣ್ಣ, ಇದೇನ್ಲಾ?" ಅಂದರು ಅಡವಯ್ಯ. ನನ್ನ ಗಂಡ ಎದ್ದು ಹೆಗಲಿಗೆ ಕಂಬಳಿ ಹಾಕಿಕೊಂಡು ರೊಪ್ಪದ ಕಡೆ ನಡೆದುಬಿಟ್ಟರು. ಕೊಡುವುದಿಲ್ಲ ಅನ್ನಲಿಲ್ಲ, ಕೊಟ್ಟೆ ಅಂತಲೂ ಅನ್ನಲಿಲ್ಲ. ಕೊಟ್ಟೆ ಅನ್ನುವವರಿಲ್ಲದೆ ವೀಳ್ಯ ನಿಂತುಹೋಯಿತು.

ಕರಿಯಕ್ಕ ಮಣ್ಣು ತೂರಿ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಜಗಲಿಯ ತುದಿಯಲ್ಲಿ ಕೂತು ಅತ್ತಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು. ಹೋಗುವಾಗ "ಇನ್ ನಿನ್ ಹೊಸ್ಲು ತುಳಿಯಾಕಿಲ್ಲ ವದಿನಾ" ಅಂದಳು. ಹಟ್ಟಿಯವರು ತೀರ್ಮಾನ ಮಾಡಿದ್ದಾರೆ. ಯಜಮಾನನ ಮಾತು ಅಂತ ಇನ್ನು ಮೇಲೆ ನಾನು ಏನು ಹೇಳಿದರೂ ಯಾರೂ ಕೇಳುವುದಿಲ್ಲ. ಬಾವಿಯ ಹತ್ತಿರ ಹೆಂಗಸರು ನನ್ನಿಂದ ದೂರ ಸರಿದು ನಿಲ್ಲುತ್ತಾರೆ. ಗಂಡ ಕುರಿ ಹೊಡೆದುಕೊಂಡು ಹೋದವರು ಯಾವಾಗ ಬರುತ್ತಾರೋ, ಬಂದರೆ ನನ್ನ ಕೈಯಲ್ಲಿ ಉಣ್ಣುತ್ತಾರೋ ಇಲ್ಲವೋ. ಭಯವಾಗುತ್ತದೆ ಜಗದಾ. ಮಾಡಿದ್ದು ಸರಿ ಅಂತ ಗೊತ್ತಿದ್ದೂ ಭಯವಾಗುತ್ತದೆ.

ಒಂದೂವರೆ ವರ್ಷ ನಾನು ಆ ಮನುಷ್ಯನ ಕಣ್ಣಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಬಾಯಿ ಬಿದ್ದುಹೋಗಿದ್ದು ಅವರದು. ನನ್ನದು ಇತ್ತಲ್ಲ.

ಬರುವ ಸೋಮವಾರ ಜುಂಜಿಯನ್ನು ಕೊರಟಗೆರೆಗೆ ನಿಮ್ಮಪ್ಪನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಮೇಷ್ಟ್ರಿಗೆ ಹೇಳಿರು. ಅವಳನ್ನು ಬಿಟ್ಟು ನಾನು ಸಂಜೆಯ ಬಸ್ಸಿಗೆ ವಾಪಸು ಬರಬೇಕು, ಇಲ್ಲಿ ಮಾವಯ್ಯನನ್ನು ನೋಡುವವರಿಲ್ಲ.

ಆವತ್ತು ಎಲ್ಲರೂ ಹೋದಮೇಲೆ ಒಳಗೆ ಹೋದೆ. ಮಂಚ ಬಾಗಿಲ ಹತ್ತಿರವೇ ಇದ್ದುದರಿಂದ ಅವರಿಗೆ ಎಲ್ಲ ಕೇಳಿಸಿದೆ. ಅವರ ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿದ್ದರು. ಸರಿ ಮಾಡಿದೆನಾ ಮಾವಯ್ಯ ಅಂತ ಕೇಳಲು ಬಾಯಿ ತೆರೆದೆ. ಕೇಳಲಿಲ್ಲ. ಹೌದು ಅಂದರೂ ಇಲ್ಲ ಅಂದರೂ ನಾನು ಅದನ್ನು ಯಜಮಾನರ ಮಾತು ಅಂತ ಮತ್ತೆ ಹೊರಗೆ ಹೊತ್ತುಕೊಂಡು ಹೋಗುತ್ತಿದ್ದೆ.

"ಗಂಜಿ ಬೇಕಾ ಮಾವಯ್ಯ?" ಅಂದೆ.

ರೆಪ್ಪೆ ಇಳಿಸಿ ಬೇಕು ಅಂದರು. ಕುಡಿಸಿದೆ.

ನಿನ್ನ,
ಗೌರಿ